ನಕ್ಷೆಯೊಳಗಿನ ಬಯಲು

ಟೀಚರ್ ನನ್ನ ಆಫೀಸಿಗೆ ಮೊದಲ ಸಲ ಬಂದಾಗ ಅವರ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು. ಮೈಮೇಲೆ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕದಲ್ಲೇ ಕಪ್ಪು ದಾರಕ್ಕೆ ಕಟ್ಟಿದ ಊದುವ ಸೀಟಿ. ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದರೂ ಸೀಟಿ ಕೊರಳಿನಿಂದ ಇಳಿದಿರಲಿಲ್ಲ. ಖುರ್ಚಿ ತೋರಿಸಿದೆ. ಕೂರಲಿಲ್ಲ.

"ವಕೀಲ್ ಸಾಬ್ರ, ನಾ ಕುಂದ್ರಾಕ ಬಂದಿಲ್ಲ. ನಮ್ಮ ಬಯಲಿನಾಗ ಜೆಸಿಬಿ ಬಂದು ನಿಂತದ. ಅದನ್ನ ಹ್ಯಾಂಗ ನಿಂದ್ರಸೋದು, ಅಷ್ಟ ಹೇಳ್ರಿ."

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳ ಕೋರ್ಟುಗಳಿಗೆ ಓಡಾಡುತ್ತಲೇ ನನ್ನ ತಲೆ ಬೆಳ್ಳಗಾಗಿದೆ. ಬಸ್ಸಿನಲ್ಲಿ ಕೂತು ಕಡತ ಓದಿದ್ದೇನೆ, ಕೋರ್ಟಿನ ಎದುರಿನ ಹೋಟೆಲುಗಳಲ್ಲಿ ಕಕ್ಷಿದಾರರ ಜೊತೆ ಚುರುಮುರಿ ಸುಸಲಾ ತಿಂದಿದ್ದೇನೆ. ಮೂರರಲ್ಲಿ ಟೀಚರ ಊರು ಯಾವುದೆಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಯಾವ ಬಡಾವಣೆ, ಯಾವ ಮೆಂಬರ್ ಎಂದು ಹುಡುಕಲು ಹೊರಡುವವರಿದ್ದಾರೆ. ಆ ಊರಿನವರ ಮನೆಗಳಿಗೆ ನಾನು ಇನ್ನೂ ಊಟಕ್ಕೆ ಹೋಗಬೇಕಾದವನು. ಊರಿಗೆಲ್ಲ ಅವರು ಪಿ.ಟಿ. ಟೀಚರ್. ಇಲ್ಲಿಯೂ ಟೀಚರ್ ಅಂದರೆ ಸಾಕು. ಹೋದ ಶ್ರಾವಣದಲ್ಲಿ ತೀರಿಕೊಂಡರು.

ಅವರ ತವರು ಜೇವರ್ಗಿ ತಾಲ್ಲೂಕಿನ ಅಂದೋಲಾ. ಶರಣರನ್ನು ನಂಬಿ ನಡೆದ ಮನೆತನ. ಹೆಣ್ಣುಮಕ್ಕಳು ಬಯಲಲ್ಲಿ ಓಡುವುದು ಊರಿನ ಹಿರಿಯರಿಗೆ ಸೇರದ ಕಾಲದಲ್ಲಿ, ಅಪ್ಪ ಯಾರ ಮಾತಿಗೂ ಸೊಪ್ಪು ಹಾಕದೆ ಮಗಳನ್ನು ದೈಹಿಕ ಶಿಕ್ಷಣದ ತರಬೇತಿಗೆ ಕಳಿಸಿದರಂತೆ. ಕೆಲಸಕ್ಕೆ ಸೇರಿದ ಮೇಲೆ ಟೀಚರಿಗೆ ಮೇಲಿಂದ ಮೇಲೆ ವರ್ಗಾವಣೆ. ಹೋದಲ್ಲೆಲ್ಲ ಯಾರ ಜೊತೆಗಾದರೂ ತಕರಾರು ಇದ್ದೇ ಇರುತ್ತಿತ್ತು. ತಕರಾರಿನ ಮೂಲ ಮಾತ್ರ ಎಲ್ಲ ಕಡೆಯೂ ಒಂದೇ: ಆಟದ ಬಯಲು.

ಅದರಲ್ಲಿ ಒಂದನ್ನು ಅವರೇ ನನಗೆ ನಗುತ್ತ ಹೇಳಿದ್ದರು. ಖಜೂರಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವ ರಸ್ತೆಯ ಬದಿಯ ಯಾವುದೋ ಒಂದು ಶಾಲೆಯಲ್ಲಿ ಆಗ ಅವರಿದ್ದರು. ಲಾರಿಗಳು ಸಂಜೆ ಬಂದು ಶಾಲೆಯ ಮೈದಾನದಲ್ಲಿ ತಂಗುತ್ತಿದ್ದವು, ಬೆಳಗಾದರೂ ಕದಲುತ್ತಿರಲಿಲ್ಲ. ಮೇಲಿನವರಿಗೆ ಅರ್ಜಿ ಬರೆಯೋಣ ಎಂದರು ಹೆಡ್ ಮಾಸ್ತರರು. ಟೀಚರ್ ಮರುದಿನ ಬೆಳಿಗ್ಗೆ ಹುಡುಗಿಯರನ್ನು ಲಾರಿಗಳ ನಡುವೆಯೇ ಸಾಲಾಗಿ ಕೂರಿಸಿ ಖೋ ಖೋ ಶುರು ಮಾಡಿಸಿಬಿಟ್ಟರು. ಸೀಟಿಯ ಸದ್ದಿಗೆ ಎಚ್ಚರಗೊಂಡ ಡ್ರೈವರುಗಳು ನೋಡುತ್ತಾರೆ, ಗಾಲಿಯ ಮುಂದೆಯೇ ಹುಡುಗಿಯರು ಕೂತಿದ್ದಾರೆ. ಗಾಡಿ ತೆಗೆಯುವಂತಿಲ್ಲ, ಬೈಯುವಂತೆಯೂ ಇಲ್ಲ. ಆಟ ಮುಗಿಯುವತನಕ ಕಾದು ಕೂತರು. ಕೆಲವು ದಿನ ಹೀಗೇ ನಡೆದ ಮೇಲೆ ಲಾರಿಗಳು ತಾವಾಗಿಯೇ ಬೇರೆ ಜಾಗ ಹುಡುಕಿಕೊಂಡವು.

ಗಂಡನ ಮನೆ ಭೂಸನೂರಿನ ಕಡೆ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಸಾಧು ಮನುಷ್ಯ. ಇಬ್ಬರೂ ಸೇರಿ ನಾನು ಹೆಸರು ಹೇಳದ ಆ ಊರಿನ ಹೊಸ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದರು. ಆ ಸೈಟೇ ಬೇಕೆಂದು ಹಟ ಹಿಡಿದವರು ಟೀಚರ್. ಬಡಾವಣೆಯ ನಕ್ಷೆಯಲ್ಲಿ ಆ ಸೈಟಿನ ಎದುರಿಗೆ ಹಸಿರು ಬಣ್ಣ ತುಂಬಿದ ಚೌಕವೊಂದಿತ್ತು, ಅದರಲ್ಲಿ 'ಉದ್ಯಾನ ಮತ್ತು ಆಟದ ಬಯಲು' ಎಂದು ಬರೆದಿತ್ತು. ನಕ್ಷೆಯಲ್ಲಿ ಹಸಿರು, ನೆಲದ ಮೇಲೆ ಬರೀ ಜಾಲಿಕಂಟಿ. ವರ್ಷಗಟ್ಟಲೆ ಅಲ್ಲಿ ಯಾರೂ ಒಂದು ಸಸಿ ನೆಡಲಿಲ್ಲ. ನಿವೃತ್ತಿಯಾದ ಮರುವಾರವೇ ಟೀಚರ್ ಕೊಡಲಿ ಹಿಡಿದು ಇಳಿದರು. ಕಂಟಿ ಕಡಿಸಿ, ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು ಬಡಾವಣೆಯ ಹುಡುಗಿಯರನ್ನು ಕರೆದರು. ಮೊದಲು ಬೆರಳೆಣಿಕೆಯವರು ಬಂದರು. ಆಮೇಲೆ ಹಿಂದಿನ ಓಣಿಗಳಿಂದ, ರಸ್ತೆಯಾಚೆಯ ಮನೆಗಳಿಂದ ಬರತೊಡಗಿದರು. ಸಂಜೆಯಾದರೆ ಧೂಳು, ಕೂಗು, ಸೀಟಿ.

ಅಷ್ಟರಲ್ಲಿ ಗಂಡನಿಗೆ ಲಕ್ವಾ ಹೊಡೆಯಿತು. ಒಂದು ಪಕ್ಕ ಪೂರ್ತಿ ಸತ್ತುಹೋಯಿತು. ಮನೆಗೆ ಎತ್ತರದ ಮೆಟ್ಟಿಲು, ಒಳಗೆ ಕೂತರೆ ಬರೀ ಗೋಡೆ. ಹಾಗಾಗಿ ಮನೆಯ ಮುಂದೆ, ರಸ್ತೆಗೆ ಅಂಟಿದಂತೆ, ನೆಲಮಟ್ಟದಲ್ಲಿ ಒಂದು ಸಣ್ಣ ಖೋಲಿ ಕಟ್ಟಿಸಿ ಅಲ್ಲಿ ಅವರ ಮಂಚ ಹಾಕಿಸಿದರು. ಖೋಲಿಗೆ ದೊಡ್ಡ ಕಿಟಕಿ. ಕಿಟಕಿಯಿಂದ ಬಯಲು ಪೂರ್ತಿ ಕಾಣುತ್ತಿತ್ತು. ಮಾತು ತೊದಲುತ್ತಿದ್ದ ಆ ಮನುಷ್ಯ, ಆಟದಲ್ಲಿ ಯಾರಾದರೂ ತಪ್ಪು ಮಾಡಿದರೆ ನೆಟ್ಟಗಿದ್ದ ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಕಿಟಕಿಯ ಸರಳಿಗೆ ಟಣಟಣ ಬಡಿಯುತ್ತಿದ್ದರು. ಹುಡುಗಿಯರು ಅದನ್ನೂ ಪಂಚರ ತೀರ್ಮಾನವೆಂದೇ ಒಪ್ಪಿಕೊಳ್ಳುತ್ತಿದ್ದರು. ಆ ಖೋಲಿಯಲ್ಲೇ ಅವರು ತೀರಿಕೊಂಡರು.

ಅದಾದ ಮರುವರ್ಷ ಜೆಸಿಬಿ ಬಂತು.

ಸ್ಥಳೀಯ ಸಂಸ್ಥೆಯವರು ಸಭೆ ಸೇರಿ ಆ ಬಯಲನ್ನು ವಾಣಿಜ್ಯ ಬಳಕೆಗೆ ಬದಲಾಯಿಸುವುದಾಗಿ, ಅಲ್ಲಿ ಅಂಗಡಿಗಳ ಕಟ್ಟಡ ಕಟ್ಟಲು ಖಾಸಗಿಯವರಿಗೆ ಗುತ್ತಿಗೆ ಕೊಡುವುದಾಗಿ ಠರಾವು ಮಾಡಿದ್ದರು. ಮುಂದೆ ನಿಂತು ಮಾಡಿಸಿದವರು ಸಂಸ್ಥೆಗೆ ಆ ಭಾಗದಿಂದ ಆರಿಸಿ ಬಂದ ಮೆಂಬರ್. ಗುಟ್ಟಾಗಿ ನಡೆದದ್ದೇನೂ ಅಲ್ಲ, ಎಲ್ಲರಿಗೂ ಗೊತ್ತಿತ್ತು. ಬಡಾವಣೆಯ ಬಹಳ ಜನಕ್ಕೆ ಸಂತೋಷವೇ ಆಗಿತ್ತು. ಅಂಗಡಿ ಬಂದರೆ ತಮ್ಮ ಸೈಟಿಗೂ ಕಿಮ್ಮತ್ತು ಬರುತ್ತದೆ, ಕೊತ್ತಂಬರಿಗೆ ಬಜಾರಿನ ತನಕ ಹೋಗುವುದು ತಪ್ಪುತ್ತದೆ ಎಂದು ಅವರ ಲೆಕ್ಕ.

ನಾನು ಟೀಚರಿಗೆ ಕಾನೂನು ವಿವರಿಸಿದೆ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ರಸ್ತೆಗೆ, ಉದ್ಯಾನಕ್ಕೆ, ಆಟಕ್ಕೆ ಎಂದು ಜಾಗ ಬಿಡಿಸಿಕೊಳ್ಳುತ್ತಾರೆ. ಆ ಜಾಗ ಸ್ಥಳೀಯ ಸಂಸ್ಥೆಯ ಹೆಸರಿಗೆ ಬರುತ್ತದೆ. ಹೆಸರಿಗೆ ಬಂದದ್ದನ್ನು ತನ್ನದೆಂದು ತಿಳಿದುಕೊಳ್ಳುವಲ್ಲಿಂದ ಜಗಳ ಶುರುವಾಗುತ್ತದೆ. ಬಹಳ ಹಿಂದೆ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋಗಿದ್ದರು. ಮೊಕದ್ದಮೆ ದಿಲ್ಲಿಯವರೆಗೆ ಹೋಯಿತು. ಆ ಜಾಗ ಜನರ ಸಲುವಾಗಿ ಬಿಟ್ಟದ್ದು, ಅದನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಯಾಕೆ ಕೊಟ್ಟಿರಿ ಎಂದು ಕೇಳುವ ಹಕ್ಕು ಅಲ್ಲಿ ವಾಸವಾಗಿರುವವರಿಗೆ ಇದ್ದೇ ಇದೆ ಎಂದು ಸುಪ್ರೀಂ ಕೋರ್ಟು ಹೇಳಿತು. ಭೂಮಿಯ ಬಳಕೆ ಬದಲಾಯಿಸುವ ಮೊಕದ್ದಮೆಗಳಲ್ಲಿ ಆ ತೀರ್ಪನ್ನು ಹಿಡಿಯದೆ ಯಾವ ವಕೀಲನೂ ನಿಲ್ಲುವುದಿಲ್ಲ.

ಟೀಚರ್ ಅಲ್ಲಿಯವರೆಗೂ ನಿಂತೇ ಇದ್ದರು. "ಆಸ್ಪತ್ರಿ ಸುದೀಕ ಕಟ್ಟಾಕ ಬಿಡಲಿಲ್ಲಂದ್ರ, ಅಂಗಡಿ ಹ್ಯಾಂಗ ಕಟ್ತಾರ್ರಿ?" ಅಂದರು. ಅಂದು ಕೂತರು.

ಅರ್ಜಿಗೆ ಮೊದಲು ಸುಮಾರು ಜನ ಸಹಿ ಹಾಕಿದರು. ಮೆಂಬರ್ ಮನೆಮನೆಗೆ ಹೋಗಿ ಬಂದ ಮೇಲೆ ಒಬ್ಬೊಬ್ಬರೇ ನನ್ನ ಆಫೀಸಿಗೆ ಬಂದು, ತಮ್ಮ ಹೆಸರು ತೆಗೆಯಿರಿ ಎಂದು ಮೆಲ್ಲಗೆ ಹೇಳಿ ಹೋದರು. ಕಡೆಗೆ ಉಳಿದದ್ದು ಟೀಚರ್ ಒಬ್ಬರೇ. ನಾನು ಸ್ವಲ್ಪ ಅಳುಕಿದೆ. ಒಬ್ಬರಿದ್ದರೂ ಕೋರ್ಟು ಕೇಳುತ್ತದೆಯೇ ಎಂದು ಅವರು ಕೇಳಿದರು. ಕೇಳುತ್ತದೆ ಎಂದೆ. ಹಾಗಿದ್ದರೆ ಮತ್ತೇನು, ಅರ್ಜಿ ಹಾಕಿರಿ ಎಂದರು.

ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಅರ್ಜಿ ಹಾಕಿದೆವು. ತಡೆಯಾಜ್ಞೆ ಸಿಕ್ಕಿತು. ಜೆಸಿಬಿ ಹೊರಟುಹೋಯಿತು, ಅದು ಅಗೆದ ತಗ್ಗನ್ನು ಹುಡುಗಿಯರೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಮುಚ್ಚಿದರು. ಆ ಸಂಜೆ ಟೀಚರ್ ನನ್ನನ್ನು ಬಯಲಿಗೆ ಕರೆಸಿ, ಬೆಂಗಳೂರಿನ ಆ ಉದ್ಯಾನದ ಫೈಸಲಾ, ಅಂದರೆ ತೀರ್ಪು, ಏನೆಂದು ಹುಡುಗಿಯರಿಗೆ ಹೇಳಬೇಕೆಂದರು. ನಾನು ಸಾರ್ವಜನಿಕ ಹಿತಾಸಕ್ತಿ, ವಿವೇಚನಾಧಿಕಾರ ಅಂತೆಲ್ಲ ಉದ್ದಕ್ಕೆ ಹೇಳುತ್ತ ಹೋದೆ. ಹಿಂದಿನಿಂದ ಸೀಟಿ ಕೇಳಿತು. ಸಾಕು, ಹೊತ್ತು ಮುಳುಗುವುದರೊಳಗೆ ಒಂದು ಆಟ ಆಗಬೇಕು ಎಂದರು. ನನ್ನ ವಕೀಲಿಕೆಯಲ್ಲಿ ವಾದವನ್ನು ಸೀಟಿ ಊದಿ ನಿಲ್ಲಿಸಿದವರು ಅವರೊಬ್ಬರೇ.

ತಡೆಯಾಜ್ಞೆ ಬಂದ ಮೇಲೆ ಮೆಂಬರ್ ಟೀಚರ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಆತ ಕೆಟ್ಟ ಮನುಷ್ಯನಲ್ಲ. ಊರು ದೊಡ್ಡದಾಗಬೇಕು, ದೊಡ್ಡದಾಗುವಾಗ ತನ್ನ ಹೆಸರೂ ಅದರ ಜೊತೆ ಇರಬೇಕು ಎನ್ನುವ ಜಾತಿಯವರು. ಬಹಳ ವಿನಯದಿಂದಲೇ ಮಾತಾಡಿದರು.

"ಅಕ್ಕೋರ, ಊರು ಬೆಳಿಬೇಕಲ್ರಿ. ಎಲ್ಲಾರೂ ಹೂಂ ಅಂದಾರ, ನೀವೊಬ್ರು ಅಡ್ಡ ನಿಂತೀರಿ."

"ಊರು ಬೆಳೀಲಿ, ನಾ ಬ್ಯಾಡ ಅಂದಿಲ್ಲ. ಹುಡುಗ್ಯಾರೂ ಬೆಳಿಬೇಕು. ಅವ್ರು ಎಲ್ಲಿ ಓಡಬೇಕು, ನಿಮ್ಮ ಅಂಗಡಿ ಮಾಳಿಗಿ ಮ್ಯಾಲೇನು?" ಟೀಚರ್ ದನಿ ಏರಿಸಲಿಲ್ಲ. "ಚಹಾ ಆರಾಕತ್ತದ, ಕುಡೀರಿ."

ಮೆಂಬರ್ ಚಹಾ ಕುಡಿದು ಎದ್ದರು. ಹೋಗುವಾಗ ಮನೆಯ ಮುಂದಿನ ಖೋಲಿಯನ್ನು ಒಂದು ಕ್ಷಣ ನಿಂತು ನೋಡಿದರು.

ಮುಂದಿನ ತಾರೀಖಿಗೆ ಎದುರು ಪಕ್ಷದ ಹೇಳಿಕೆ ಬಂತು. ಅರ್ಜಿದಾರರೇ ನಕ್ಷೆ ಮೀರಿ ಮನೆ ಕಟ್ಟಿದ್ದಾರೆ, ಮನೆಯ ಮುಂದೆ ಬಿಡಬೇಕಾದ ಜಾಗದಲ್ಲಿ ಪರವಾನಿಗೆ ಇಲ್ಲದೆ ಖೋಲಿ ಎಬ್ಬಿಸಿದ್ದಾರೆ, ಇಂಥವರಿಗೆ ನಕ್ಷೆಯ ಹೆಸರು ಹೇಳುವ ಯೋಗ್ಯತೆ ಇಲ್ಲ ಎಂದು ಅದರಲ್ಲಿತ್ತು. ಜೊತೆಗೆ ಫೋಟೋಗಳು. ನ್ಯಾಯ ಕೇಳಿ ಬರುವವರ ಕೈ ಶುದ್ಧವಿರಬೇಕು ಎನ್ನುವುದು ಕೋರ್ಟುಗಳ ಹಳೆಯ ನಿಯಮ. ಅದನ್ನು ನಮ್ಮ ಮೇಲೆ ತಿರುಗಿಸಿದ್ದರು.

ಟೀಚರನ್ನು ಕರೆಸಿ ಹೇಳಿದೆ. ಇದಕ್ಕೂ ಉತ್ತರವಿದೆ, ಖೋಲಿಯ ವಿಷಯ ಬೇರೆ, ಬಯಲಿನ ವಿಷಯ ಬೇರೆ ಎಂದು ವಾದಿಸಬಹುದು, ದಂಡ ಕಟ್ಟಿ ಸಕ್ರಮ ಮಾಡಿಸಲು ಬರುತ್ತದೋ ನೋಡಬಹುದು, ರೋಗಿಗಾಗಿ ಕಟ್ಟಿದ್ದು ಎಂದು ಹೇಳಿದರೆ ನ್ಯಾಯಾಧೀಶರ ಮನಸ್ಸೂ ಮೆತ್ತಗಾದೀತು. ಅವರು ಎಲ್ಲವನ್ನೂ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಆ ಖೋಲಿ ತಪ್ಪೋ, ತಪ್ಪಲ್ಲೋ? ಅಷ್ಟ ಹೇಳ್ರಿ."

"ತಪ್ಪೇ ರೀ" ಎಂದೆ.

ಅವರು ತಮ್ಮ ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಕಟ್ಟುವಾಗ ಯಾರೂ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಗೆರಿ ದಾಟಿದಾಕಿ ನನ್ನ ಸ್ವಂತ ಮಗಳಾದ್ರೂ ಔಟ್ ಅಂತ ಸೀಟಿ ಊದೇನಿ. ಈಗ ನಾನ ದಾಟೇನಿ" ಎಂದರು. ಎದ್ದು ಹೋದರು.

ಮರುದಿನ ಬೆಳಿಗ್ಗೆ ಅವರು ಗಾರೆ ಕೆಲಸದ ಗೌಂಡಿಗಳನ್ನು ಕರೆಸಿದ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಖೋಲಿಯ ಮೇಲಿನ ತಗಡು ಇಳಿದಿತ್ತು. ರಸ್ತೆಯ ಬದಿಯಲ್ಲಿ ಗಂಡನ ಮಂಚವನ್ನು ತಂದಿಟ್ಟು ಅದರ ಮೇಲೆ ಟೀಚರ್ ಕೂತಿದ್ದರು. ಮೊದಲ ಏಟು ಟೀಚರೇ ಹಾಕಿದರೆಂದು ಗೌಂಡಿ ಹೇಳಿದ. ಹಾರೆ ಎತ್ತಿ ಕಿಟಕಿಯ ಕೆಳಗಿನ ಗೋಡೆಗೆ ಹೊಡೆದು, ಆಮೇಲೆ ಹಾರೆಯನ್ನು ಅವನ ಕೈಗೆ ಕೊಟ್ಟು ಬಂದು ಕೂತರಂತೆ. ಓಣಿಯವರೆಲ್ಲ ಸೇರಿದ್ದರು. ಸಹಿ ಹಿಂದೆಗೆದುಕೊಂಡವರೂ ಇದ್ದರು. ಸ್ವಲ್ಪ ಹೊತ್ತಿಗೆ ಮೆಂಬರ್ ಬಂದು, ಇಷ್ಟಕ್ಕೆಲ್ಲ ಯಾಕೆ ಹೋದಿರಿ ಅಕ್ಕೋರೆ, ಬರೀ ಕಾಗದದ ಮೇಲೆ ಹೇಳಿದ ಮಾತು ಅದು ಎಂದರು. ಆತನ ಮುಖ ನಿಜವಾಗಿಯೂ ಬಾಡಿತ್ತು.

"ನೀವು ಹೇಳಿದ್ದು ಖರೆ ಇತ್ತು. ಅದಕ್ಕ ಕೆಡವಾಕತ್ತೇನಿ" ಎಂದರು ಟೀಚರ್. "ಇನ್ನ ನಾ ಹೇಳಿದ್ದು ಖರೆ ಅದನೋ ಇಲ್ಲೋ, ಅದನ್ನ ಕೋರ್ಟು ಹೇಳ್ಲಿ."

ಕಿಟಕಿಯ ಚೌಕಟ್ಟು ಕಳಚಿ ಬೀಳುವಾಗ ಮಾತ್ರ ಅವರು ಮುಖ ಆಚೆ ತಿರುಗಿಸಿದರು.

ಇದರಲ್ಲಿ ಸಂಕಟಪಟ್ಟವಳು ಮಗಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ತಂದೆಯನ್ನು ಕಡೆಯ ದಿನಗಳಲ್ಲಿ ಆ ಖೋಲಿಯಲ್ಲಿ ಮೈ ಒರೆಸಿ, ಮಗ್ಗಲು ಬದಲಿಸಿ ನೋಡಿಕೊಂಡವಳು ಅವಳೇ. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಖೋಲಿ ಇದ್ದಲ್ಲಿ ಇಟ್ಟಿಗೆಯ ಗುಡ್ಡೆ. ತನ್ನನ್ನು ಒಂದು ಮಾತು ಕೇಳಲಿಲ್ಲ ಎನ್ನುವುದು ಅವಳ ಸಿಟ್ಟು. ಬಹಳ ದಿನ ತಾಯಿಯ ಜೊತೆ ಮಾತು ಬಿಟ್ಟಳು, ಊಟ ಬೇರೆ ಮಾಡಿದಳು. ನಾನು ಟೀಚರಿಗೆ ಸಮಾಧಾನ ಹೇಳಲು ಹೋದೆ. ಅವರು ಬೇಡವೆಂದರು. "ಆಕಿ ಸಿಟ್ಟು ಖರೆ ಅದ. ನಾ ಮಾಡಿದ್ದೂ ಖರೆ ಅದ. ಎರಡೂ ಇರ್ಲಿ ಬಿಡ್ರಿ" ಅಂದರು. ಈ ಮಾತನ್ನು ನಾನು ಎಷ್ಟೋ ಮನೆತನದ ದಾವೆಗಳಲ್ಲಿ ಕಕ್ಷಿದಾರರಿಗೆ ಹೇಳಿದ್ದೇನೆ. ಅವರ ಹಾಗೆ ಹೇಳಲು ಬಂದಿಲ್ಲ.

ವಿಚಾರಣೆಯ ದಿನ ಟೀಚರ್ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸೀಟಿಯನ್ನು ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿ ತೆಗೆಸಿದ್ದರು, ಅದಕ್ಕೆ ಅವರು ಮುಖ ಗಂಟಿಕ್ಕಿಕೊಂಡಿದ್ದರು. ಎದುರು ವಕೀಲರು ನಮ್ಮ ಕೈ ಶುದ್ಧವಿಲ್ಲ ಎಂದು ಜೋರಾಗಿಯೇ ವಾದಿಸಿದರು. ನಾನು ಎದ್ದು, ಅವರು ಹೇಳುತ್ತಿರುವ ಖೋಲಿ ಈಗ ಇಲ್ಲ ಎಂದು ಫೋಟೋ ಕೊಟ್ಟೆ. ನ್ಯಾಯಾಧೀಶರು ಫೋಟೋ ನೋಡಿ, ನೋಟಿಸು ಕೊಟ್ಟು ಸಂಸ್ಥೆಯವರು ಕೆಡವಿದರೋ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು.

"ಇಲ್ರಿ ಸಾಹೇಬ್ರ. ನಾನ ಕೆಡವೇನಿ."

ಕೋರ್ಟಿನಲ್ಲಿ ಹಾಗೆಲ್ಲ ಎದ್ದು ಮಾತಾಡುವಂತಿಲ್ಲ. ನ್ಯಾಯಾಧೀಶರು ಕೈಸನ್ನೆಯಲ್ಲೇ ಅವರನ್ನು ಕೂರಿಸಿದರು. ಆದರೆ ಫೋಟೋವನ್ನು ಮತ್ತೊಮ್ಮೆ ಎತ್ತಿ ನೋಡಿದರು.

ತೀರ್ಪು ಬಂತು. ನಕ್ಷೆಯಲ್ಲಿ ಬಯಲೆಂದು ಬಿಟ್ಟದ್ದನ್ನು ಅಂಗಡಿಗೆ ಕೊಡುವ ಅಧಿಕಾರ ಸಂಸ್ಥೆಗಿಲ್ಲ, ಅದು ಆ ಜಾಗದ ಕಾವಲುಗಾರನೇ ಹೊರತು ಒಡೆಯನಲ್ಲ ಎಂದು ದಿಲ್ಲಿಯ ಹಳೆಯ ತೀರ್ಪನ್ನು ಆಧಾರವಾಗಿಟ್ಟು ಠರಾವನ್ನು ರದ್ದು ಮಾಡಿದ್ದರು. ಕೈ ಶುದ್ಧವಿಲ್ಲ ಎಂಬ ವಾದಕ್ಕೂ ಒಂದು ಪರಿಚ್ಛೇದ ಮೀಸಲಿತ್ತು. ಅರ್ಜಿದಾರರು ತಮ್ಮ ತಪ್ಪನ್ನು ಯಾರ ಆದೇಶಕ್ಕೂ ಕಾಯದೆ ತಾವೇ ತಿದ್ದಿಕೊಂಡಿದ್ದಾರೆ, ಸಂಸ್ಥೆಯೂ ಅಷ್ಟೇ ಮಾಡಲಿ ಎಂದು ನಿರೀಕ್ಷಿಸುತ್ತೇವೆ ಎಂದು ಅದರಲ್ಲಿತ್ತು. ಅದನ್ನು ನಾನು ಎರಡು ಸಲ ಓದಿ ಹೇಳಿದೆ. ಟೀಚರ್ ಗಡಿಯಾರ ನೋಡಿಕೊಂಡರು. "ಎಲ್ಲ ಮುಗೀತೇನ್ರಿ? ಹಂಗಾರ ಬಸ್ ಹಿಡಿಯೋಣ್ರಿ, ಸಂಜಿಗಿ ಹುಡುಗ್ಯಾರು ಬರ್ತಾರ."

ಆ ತೀರ್ಪು ನಮ್ಮ ಭಾಗದಲ್ಲಿ ಓಡಾಡತೊಡಗಿತು. ಅಫಜಲಪುರದ ಕಡೆಯಿಂದ ಒಂದು ಗುಂಪು ಟೀಚರನ್ನು ಹುಡುಕಿಕೊಂಡು ಬಂತು. ಅವರ ಬಡಾವಣೆಯ ಉದ್ಯಾನದಲ್ಲಿ ಯಾರೋ ಗೋದಾಮು ಕಟ್ಟಲು ಹೊರಟಿದ್ದರು. ತಮ್ಮ ಊರಿಗೆ ಬಂದು ನಾಲ್ಕು ಮಾತಾಡಬೇಕೆಂದು ಕೇಳಿದರು. ಟೀಚರ್ ಹೋದರು. ವೇದಿಕೆ, ಶಾಲು, ಹಾರ ಎಲ್ಲ ಇತ್ತು. ಅವರು ಹಾರವನ್ನು ತೆಗೆದು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ಕೋರ್ಟಿಗಿ ಹೋಗೂಕಿಂತ ಮೊದಲ ಎಲ್ಲಾರೂ ನಿಮ್ಮ ನಿಮ್ಮ ಮನಿ ಅಳೀರಿ. ಗೆರಿ ದಾಟಿದ್ರ ಹಿಂದ ಸರೀರಿ. ಆಮ್ಯಾಲ ವಕೀಲ್ ಸಾಬ್ರ ಕಡಿ ಬರ್ರಿ." ಅವತ್ತು ಚಪ್ಪಾಳೆ ತಟ್ಟಿದವರಲ್ಲಿ ಬಹಳ ಜನ ಮುಂದೆ ನನ್ನ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಆದರೆ ಒಬ್ಬ ಹೆಣ್ಣುಮಗಳು ತನ್ನ ಕಂಪೌಂಡ್ ಗೋಡೆಯನ್ನು ಒಂದು ಮೊಳ ಒಳಗೆ ಸರಿಸಿ ನನ್ನಲ್ಲಿಗೆ ಬಂದಳು. ಅವಳ ಹೆಸರಲ್ಲಿ ಅರ್ಜಿ ಹಾಕಿದೆವು. ಅದೂ ಗೆದ್ದಿತು.

ಟೀಚರ್ ಎಲ್ಲರಿಗೂ ಬೇಕಾದವರಾಗಿದ್ದರೆಂದು ಬರೆದರೆ ಸುಳ್ಳಾದೀತು. ಬಯಲಿನ ಮೂಲೆಯಲ್ಲಿ ಒಬ್ಬ ಬಡ ಹೆಂಗಸು ಸಂಜೆ ಬಜಿ ಗಾಡಿ ನಿಲ್ಲಿಸುತ್ತಿದ್ದಳು. ತೀರ್ಪು ಬಂದ ವಾರದಲ್ಲೇ ಟೀಚರ್ ಅವಳನ್ನೂ ಎಬ್ಬಿಸಿದರು. ಅಷ್ಟು ದೊಡ್ಡ ಬಯಲಿಗೆ ಒಂದು ಗಾಡಿ ಭಾರವೇ ಎಂದು ನಾನು ಜಗಳವಾಡಿದೆ. ಇವತ್ತು ಇವಳ ಗಾಡಿ, ನಾಳೆ ಇನ್ನೊಬ್ಬನ ಡಬ್ಬಿ ಅಂಗಡಿ, ನಾಡಿದ್ದು ಮೆಂಬರ್ ಬಂದು ನನ್ನದೊಂದು ಇರಲಿ ಅನ್ನುತ್ತಾನೆ ಎಂದರು. ತಾವೇ ಮುಂದೆ ನಿಂತು ರಸ್ತೆಯಾಚೆ ಅವಳಿಗೆ ಜಾಗ ಮಾಡಿಕೊಟ್ಟರು ನಿಜ. ಆದರೆ ಅವಳಿಗೆ ಅಲ್ಲಿ ಮೊದಲಿನ ವ್ಯಾಪಾರ ಆಗಲಿಲ್ಲ. ಈ ಒಂದು ವಿಷಯದಲ್ಲಿ ನಾನು ಇಂದಿಗೂ ಟೀಚರನ್ನು ಒಪ್ಪಿಲ್ಲ. ಅದನ್ನು ಅವರ ಮುಖದ ಮೇಲೆಯೇ ಹೇಳಿದ್ದೇನೆ. ಒಪ್ಪಬ್ಯಾಡ್ರಿ ಎಂದಿದ್ದರು.

ಟೀಚರ್ ತೀರಿಕೊಂಡದ್ದು ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದಾಗ. ಎದೆ ಹಿಡಿದುಕೊಂಡವರು ಮಗಳ ತೊಡೆಯ ಮೇಲೆಯೇ ಹೋದರು. ಖೋಲಿಯ ಸಿಟ್ಟು ಇಳಿದು ತಾಯಿ ಮಗಳು ಯಾವಾಗಲೋ ಒಂದಾಗಿದ್ದರು. ಭೂಸನೂರಿನ ಹತ್ತಿರದ ಹೊಲದಲ್ಲಿ, ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ಎಲ್ಲೆಲ್ಲಿಂದಲೋ ಹೆಂಗಸರು ಬಂದಿದ್ದರು. ಪೊಲೀಸ್ ಕೆಲಸದವರು, ಬಸ್ ಕಂಡಕ್ಟರು, ಅಂಗನವಾಡಿಯವರು, ಕಬ್ಬಿನ ಕಳೆ ತೆಗೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದವರು. ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಅವರ ಸೀಟಿಗೆ ಓಡಿದವರು.

ತಿಂಗಳೊಳಗೆ ಬಡಾವಣೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮೆಂಬರ್ ಎದ್ದು ನಿಂತು ಕಣ್ಣು ಒರೆಸಿಕೊಂಡರು. ಅದು ನಟನೆಯಲ್ಲ, ನಾನು ನೋಡಿದ್ದೇನೆ. ಆಮೇಲೆ ಘೋಷಿಸಿದರು: ಟೀಚರ ನೆನಪಿಗಾಗಿ ಅವರು ಉಳಿಸಿದ ಅದೇ ಬಯಲಿನಲ್ಲಿ ಅವರ ಹೆಸರಿನ ಸ್ಮಾರಕ ಭವನ ಕಟ್ಟುವುದು. ಬಾಗಿಲ ಮುಂದೆ ಅವರ ಮೂರ್ತಿ. ಒಳಗೆ ಮದುವೆ, ಸಭೆಗಳಿಗೆ ದೊಡ್ಡ ಹಾಲ್. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಡಿಪಾಯಕ್ಕೆಂದು ಮರಳು, ಕಲ್ಲು ಆಗಲೇ ಬಯಲಿ‌ನಲ್ಲಿ ಬಿದ್ದಿದ್ದವು.

ಮಗಳು ಎದ್ದು ನಿಂತಳು. ತಾಯಿಯ ಹಾಗೆಯೇ, ದನಿ ಏರಿಸಲಿಲ್ಲ.

"ನಮ್ಮಪ್ಪನ ಖೋಲಿ ಕೆಡವಿ ಆಕಿ ಈ ಜಾಗಾ ಉಳಿಸ್ಯಾಳ. ಇದರಾಗ ಆಕಿ ಹೆಸರಿಲೆ ಗ್ವಾಡಿ ಎಬ್ಬಸ್ತೀರೇನ್ರಿ? ಒಂದು ಇಟ್ಟಂಗಿ ಇಡಾಕ ನಾ ಬಿಡಂಗಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ದುಃಖದಲ್ಲಿ ಹಾಗೆ ಮಾತಾಡುತ್ತಿದ್ದಾಳೆ ಎಂದರು ಕೆಲವರು. ಅಭಿಮಾನದಿಂದ ಮಾಡುವುದಕ್ಕೂ ಅಡ್ಡಗಾಲೇ ಎಂದರು ಇನ್ನು ಕೆಲವರು. ಎರಡು ದಿನ ಕಳೆದರೂ ಕಲ್ಲು ಅಲ್ಲಿಂದ ಕದಲಲಿಲ್ಲ. ಮಗಳು ನನ್ನ ಆಫೀಸಿಗೆ ಬಂದಳು. ಅವಳ ಪರವಾಗಿ ನಾನು ನೋಟಿಸು ಬರೆದೆ. ಟೀಚರ ಹೆಸರಿನ ಭವನದ ವಿರುದ್ಧ ಟೀಚರ ಹೆಸರಿನ ತೀರ್ಪನ್ನೇ ಇಟ್ಟು ಬರೆದ ನೋಟಿಸು ಅದು. ಸಹಿ ಮಾಡುವಾಗ, ಇಂಥ ಕೆಲಸ ಇನ್ನೊಮ್ಮೆ ಸಿಗಲಾರದು ಅನ್ನಿಸಿತು.

ನೋಟಿಸು ಮುಟ್ಟಿದ ದಿನವೇ ಮೆಂಬರ್ ಬಂದರು. ಮನಸ್ಸಿಗೆ ನೋವಾಗಿತ್ತು.

"ವಕೀಲ್ ಸಾಬ್ರ, ಈ ಸಲ ನಂದೇನೂ ಸ್ವಾರ್ಥ ಇರಲಿಲ್ರಿ."

"ಗೊತ್ತದ ರೀ" ಎಂದೆ. ನಿಜಕ್ಕೂ ಗೊತ್ತಿತ್ತು.

"ಮತ್ತ ಆಯಮ್ಮನ ಹೆಸರು ಊರಾಗ ಉಳಿಬೇಕೋ ಬ್ಯಾಡೋ?"

"ಫೈಸಲಾದಾಗ ಉಳಿದದ. ಅದನ್ನ ಯಾವ ಜೆಸಿಬಿನೂ ಕೆಡವಂಗಿಲ್ಲ."

ಅವರು ನೋಟಿಸನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಕಡೆಗೆ ನನ್ನ ಎದುರಿಗೇ ಗುತ್ತಿಗೆದಾರನಿಗೆ ಫೋನ್ ಮಾಡಿ, ಸಾಮಾನು ಎತ್ತಿಸು ಎಂದರು.

ಕಲ್ಲು ಲಾರಿ ಹತ್ತಿ ಹೋಯಿತು. ಮರಳನ್ನು ಮಾತ್ರ ಗುತ್ತಿಗೆದಾರ ಹಾಗೇ ಬಿಟ್ಟ. ಅದನ್ನು ಹುಡುಗಿಯರು ಹರವಿ, ಸುತ್ತ ಸುಣ್ಣದ ಗೆರೆ ಹಾಕಿ ಲಾಂಗ್ ಜಂಪಿಗೆ ಗುಂಡಿ ಮಾಡಿಕೊಂಡರು. ಮೊನ್ನೆ ಸಂಜೆ ನಾನು ಆ ದಾರಿಯಲ್ಲಿ ಬರುವಾಗ ಒಬ್ಬ ಹುಡುಗಿ ಬಯಲಿನ ಆ ತುದಿಯಿಂದ ಓಡಿ ಬಂದು ಜಿಗಿದಳು. ಅವಳ ಹಿಮ್ಮಡಿ ಊರಿದ ಕಡೆ ಭವನದ ಮುಂಬಾಗಿಲು ಬರಬೇಕಿತ್ತು.